ತೆರೆಯ ಮೇಲಿನ ದೆವ್ವ, ಊರೊಳಗಿನ ಭಯ

ದೆವ್ವ ಭೂತಗಳ ಚಲಚ್ಚಿತ್ರಗಳಿಗೆ ಈಗ ಒಳ್ಳೆಯ ಸುಗ್ಗಿ. ರಾಯಚೂರು ನಗರದ ಚಿತ್ರಮಂದಿರಗಳಲ್ಲಿ ಕನ್ನಡ, ತೆಲುಗು ಎಂಬ ಭೇದವಿಲ್ಲದೆ ಇಂಥ ಚಿತ್ರಗಳಿಗೆ ಜನರು ಕಿಕ್ಕಿರಿಯುತ್ತಾರೆ. ದೇವದುರ್ಗ, ಮಾನವಿ ತಾಲೂಕುಗಳ ತರುಣರು ಮಧ್ಯಾಹ್ನದ ಬಸ್ಸಿಗೆ ಬಂದು ನೋಡಿಕೊಂಡು ಹೋಗುತ್ತಾರೆ; ಬರಲಾಗದವರು ಕೈಯಲ್ಲಿಯ ಫೋನಿನಲ್ಲಿಯೇ ನೋಡುತ್ತಾರೆ. ದುಡಿದು ದಣಿದ ಜನರು ಎರಡು ತಾಸಿನ ಮನರಂಜನೆಯನ್ನು ಬಯಸಿದರೆ ಅದನ್ನು ತಪ್ಪೆನ್ನುವಷ್ಟು ಶುಷ್ಕಹೃದಯರು ನಾವಲ್ಲ. ಅಜ್ಜಿಯರು ಹೇಳುತ್ತಿದ್ದ ದೆವ್ವದ ಕಥೆಗಳನ್ನು ಕೌದಿಯೊಳಗೆ ಮುಖ ಮುಚ್ಚಿಕೊಂಡು ಕೇಳಿ ಬೆಳೆದವರೇ ನಾವು. ಆದರೆ ಈ ಚಿತ್ರಗಳಲ್ಲಿ ಒಂದು ಬಗೆಯವುಗಳನ್ನು ಕುರಿತು ಎರಡು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಆ ಬಗೆಯ ಚಿತ್ರದ ಸ್ವರೂಪವನ್ನು ವಾಚಕರು ಬಲ್ಲರು. ಲೋಕದ ಸಂಪರ್ಕವಿಲ್ಲದ ಒಂದು ಊರು; ಆ ಊರಿನವರಿಗೇ ತಿಳಿದ ಒಂದು ದೈವ, ಒಂದು ಕಟ್ಟಳೆ, ಒಂದು ಹರಕೆ. ಅಲ್ಲಿಗೆ ಪಟ್ಟಣದಿಂದ ಒಬ್ಬ ವಿದ್ಯಾವಂತನು ಬರುತ್ತಾನೆ. ಬಂದವನು ಮೊದಲು ನಗುತ್ತಾನೆ, ಅನಂತರ ಸಂಶಯಪಡುತ್ತಾನೆ, ಕೊನೆಗೆ ಹೆದರುತ್ತಾನೆ, ಬಹುಮಟ್ಟಿಗೆ ಸಾಯುತ್ತಾನೆ. ಊರವರ ನಂಬುಗೆಯೇ ನಿಜವಾಗಿತ್ತೆಂದು ತೆರೆ ಬೀಳುತ್ತದೆ. ಪಾಶ್ಚಾತ್ಯರಲ್ಲಿ ಇಂಥ ಚಿತ್ರಗಳದೇ ಒಂದು ಪರಂಪರೆಯುಂಟು. 1973ರ ‘ದಿ ವಿಕರ್ ಮ್ಯಾನ್’ ಸ್ಕಾಟ್ಲಂಡದ ಒಂದು ದ್ವೀಪಕ್ಕೆ ಪೋಲೀಸ ಅಧಿಕಾರಿಯೊಬ್ಬನನ್ನು ಒಯ್ದು ಅಲ್ಲಿಯ ಜನರಿಂದ ಆಹುತಿ ಕೊಡಿಸಿತು. 2019ರ ‘ಮಿಡ್‌ಸೊಮರ್’ ಸ್ವೀಡನ್ ದೇಶದ ಒಂದು ಹಳ್ಳಿಗೆ ಅಮೇರಿಕದ ವಿದ್ಯಾರ್ಥಿಗಳನ್ನು ಕಳಿಸಿ ಅದೇ ಕೆಲಸವನ್ನು ಹಾಡುಹಗಲಿನಲ್ಲಿ ಮಾಡಿಸಿತು. ನಮ್ಮ ನಾಡಿನಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ಮನೆಯೊಳಗಿನ ದೆವ್ವದ ಕಥೆಯಾಗಿತ್ತು. ತೆಲುಗಿನ ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ ಹುಟ್ಟಿ 1985ರಲ್ಲಿ ಬಂದ ‘ತುಳಸಿದಳ’ವು ಎಳೆಯ ಹುಡುಗಿಯೊಬ್ಬಳ ಮೇಲೆ ಮಾಡಿದ ಮಾಟದ ಕಥೆ. ಊರಿಗೆ ಊರೇ ಒಂದು ದೈವದ ಅಂಕೆಯಲ್ಲಿರುವ ಕಥೆಗಳು ಮುನ್ನೆಲೆಗೆ ಬಂದುದು ಈಚೆಗೆ.

2022ನೆಯ ಇಸವಿಯ ಸೆಪ್ಟೆಂಬರ 30ರಂದು ತೆರೆಕಂಡ ‘ಕಾಂತಾರ’ವನ್ನು ನಾವು ರಾಯಚೂರಿನಲ್ಲಿಯೇ ನೋಡಿದೆವು. ಅದನ್ನು ಬರಿಯ ದೆವ್ವದ ಚಿತ್ರವೆನ್ನುವುದು ಅನ್ಯಾಯವಾದೀತು. ಭೂಮಿಯನ್ನು ಕಳೆದುಕೊಳ್ಳುವ ಭಯದಲ್ಲಿರುವ ಬಡವರಿಗೆ ಪಂಜುರ್ಲಿಯೂ ಗುಳಿಗನೂ ನ್ಯಾಯಪೀಠವಾಗಿ ನಿಲ್ಲುವ ಕಥೆಯದು. ತುಳುನಾಡಿನ ಜನರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಕೋಲದ ಗಾಂಭೀರ್ಯವನ್ನು ಅದು ಬಯಲುಸೀಮೆಯವರಿಗೂ ತೋರಿಸಿತು. ಆ ಅಕ್ಟೋಬರ ತಿಂಗಳಲ್ಲಿಯೇ ಸರಕಾರವು ಅರವತ್ತು ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿಗಳ ಮಾಸಾಶನವನ್ನು ಸಾರಿತು. ಒಂದು ಚಿತ್ರಪಟದಿಂದ ಇಷ್ಟಾದರೆ ಸಣ್ಣದಲ್ಲ. ಆದರೆ ಚಿತ್ರವು ಮುಗಿದು ದೀಪಗಳು ಹತ್ತಿದಾಗ ನಮ್ಮ ಪಕ್ಕದಲ್ಲಿ ಕುಳಿತಿದ್ದ ಮಾನವಿ ಕಡೆಯ ವೃದ್ಧರೊಬ್ಬರು ಕಣ್ಣೊರೆಸಿಕೊಳ್ಳುತ್ತ ಆಡಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

‘ಇದು ಖರೇ ಐತ್ರಿ. ನಮ್ಮೂರಾಗೂ ಹಿಂಗ ಮೈಮ್ಯಾಲ ಬರ್ತೈತಿ. ನಮ್ಮ ತಮ್ಮನ ಸೊಸಿಗೆ ಬಂದಿತ್ತು. ಬಾಣಂತಿ ಇದ್ಲು. ಕೂಸಿನ್ನ ಹತ್ರ ಕರಕೊಳ್ಳಲಿಲ್ಲ, ರಾತ್ರಿಯೆಲ್ಲಾ ಎದ್ದು ಕುಂದ್ರತಿದ್ಲು, ಯಾರ ಜೋಡಿನೋ ಮಾತಾಡ್ತಿದ್ಲು. ಎರಡು ಅಮಾಸಿ ಗುಡಿಗೆ ಒಯ್ದಿವ್ರಿ.’

‘ಗುಣ ಆತೇನ್ರಿ?’ ಎಂದು ಕೇಳಿದೆವು.

‘ಮೂರನೇ ಅಮಾಸಿ ತನಕ ಉಳೀಲಿಲ್ರಿ’ ಎಂದರು.

ದವಾಖಾನೆಗೆ ಒಯ್ದಿದ್ದಿರಾ ಎಂದು ಕೇಳುವ ಧೈರ್ಯವು ನಮಗಾಗಲಿಲ್ಲ. ಹೆತ್ತ ಕೆಲವು ದಿನಗಳಲ್ಲಿಯೇ ಕೆಲವು ತಾಯಂದಿರಿಗೆ ನಿದ್ರೆ ಹಾರಿ, ಬುದ್ಧಿ ಕದಡಿ, ಇಲ್ಲದ ಧ್ವನಿಗಳು ಕೇಳಿಸುವ ಕಠಿಣವಾದ ರೋಗವೊಂದುಂಟು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಅದು ಬರುತ್ತದೆಂದು ವೈದ್ಯರು ಹೇಳುತ್ತಾರೆ. ಅದು ಹಗಲು ರಾತ್ರಿ ತಡೆಯದೆ ಆಸ್ಪತ್ರೆಗೆ ಒಯ್ಯಬೇಕಾದ ರೋಗ. ಚಿಕಿತ್ಸೆಯಿಂದ ಬಹುತೇಕ ಗುಣವಾಗುವ ರೋಗ. ಆ ಹೆಣ್ಣುಮಗಳಿಗೆ ಆದುದು ಅದೇ ಎಂದು ನಾವು ನಿರ್ಣಯಿಸಲಾರೆವು. ಆದರೆ ಪರೀಕ್ಷಿಸಿ ನೋಡುವವರ ಬಳಿಗೆ ಆಕೆಯನ್ನು ಯಾರೂ ಮುಟ್ಟಿಸಲಿಲ್ಲವೆಂಬುದು ಆ ಮುದುಕರ ಮಾತಿನಿಂದಲೇ ಸ್ಪಷ್ಟ. ‘ಕಾಂತಾರ’ವು ಆಕೆಯನ್ನು ಕೊಂದಿತೆಂದು ನಾವು ಹೇಳುತ್ತಿಲ್ಲ, ಆಕೆ ತೀರಿಕೊಂಡುದು ಆ ಚಿತ್ರಕ್ಕಿಂತ ಮೊದಲು. ನಮ್ಮನ್ನು ಕಲಕಿದುದು ‘ಇದು ಖರೇ’ ಎಂಬ ಆ ಎರಡು ಶಬ್ದ. ಕರಾವಳಿಯ ದೈವದ ಕಥೆಯು ಬಹುದೂರದ ನಮ್ಮ ಎರೆಭೂಮಿಗೆ ಬಂದು ಮುಟ್ಟಿದಾಗ, ಇಲ್ಲಿಯ ಒಂದು ಮನೆಯ ತಪ್ಪಿಗೆ ಸಾಕ್ಷಿ ನುಡಿಯಿತು.

ಇದಕ್ಕೆ ಚಿತ್ರಕಾರರು, ‘ನಾವು ಕಥೆ ಹೇಳುವವರು, ವೈದ್ಯರಲ್ಲ’ ಎನ್ನಬಹುದು. ಒಪ್ಪಿದೆವು. ಕಥೆಗೂ ನಡೆದುದಕ್ಕೂ ಎಷ್ಟು ಅಂತರ ಬೀಳುತ್ತದೆಂಬುದನ್ನು ಮಾತ್ರ ನೋಡೋಣ. 2015ರಲ್ಲಿ ಬಂದ ‘ದಿ ವಿಚ್’ ಎಂಬ ಚಿತ್ರವು 1630ರ ಸುಮಾರಿನ ನ್ಯೂ ಇಂಗ್ಲಂಡಿನದು. ಕಟ್ಟಾ ಮತನಿಷ್ಠರ ಒಂದು ಕುಟುಂಬವು ತನ್ನ ಊರಿನಿಂದ ಹೊರಬಿದ್ದು ಕಾಡಂಚಿನಲ್ಲಿ ಬಾಳುತ್ತದೆ, ಕೂಸು ಕಾಣೆಯಾಗುತ್ತದೆ, ಬೆಳೆ ಕೆಡುತ್ತದೆ, ಹರೆಯದ ಮಗಳ ಮೇಲೆ ಸಂಶಯ ಬೀಳುತ್ತದೆ. ಕಲೆಯ ದೃಷ್ಟಿಯಿಂದ ಬಹು ಚೊಕ್ಕವಾದ ಚಿತ್ರ. ಆದರೆ ಅದರಲ್ಲಿ ಮಾಟಗಾತಿಯು ನಿಜವಾಗಿಯೂ ಇದ್ದಾಳೆ! ಚರಿತ್ರೆಯಲ್ಲಿ ನಡೆದುದೇನು? ಅದೇ ಸೀಮೆಯ ಸೇಲಮ್ ಎಂಬಲ್ಲಿ 1692ರಲ್ಲಿ ಕೆಲವು ಹುಡುಗಿಯರಿಗೆ ಮೈನಡುಕವೂ ಚೀರಾಟವೂ ಬಂದವು. ಊರವರು ಮಾಟಗಾತಿಯರನ್ನು ಹುಡುಕಿದರು. 19 ಜನರನ್ನು ಗಲ್ಲಿಗೇರಿಸಿದರು. ಇನ್ನೊಬ್ಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಐದು ವರ್ಷಗಳ ಅನಂತರ ನ್ಯಾಯಾಧೀಶರಲ್ಲಿ ಒಬ್ಬರಾದ ಸ್ಯಾಮ್ಯುಅಲ್ ಸೀವಾಲ್ ಎಂಬವರು ಇಗರ್ಜಿಯಲ್ಲಿ ಎದ್ದು ನಿಂತು ತಮ್ಮ ಪಾಪವನ್ನು ಒಪ್ಪಿಕೊಂಡರು. ಅಲ್ಲಿ ಸತ್ತವರಲ್ಲಿ ಒಬ್ಬರೂ ಮಾಟ ಮಾಡಿದವರಲ್ಲ. ಕೊಂದವರು ಮಾತ್ರ ನಿಜವಾದವರು. ಚಿತ್ರಪಟಕ್ಕೆ ಬೇಕಾದುದು ಮಾಟಗಾತಿ. ಊರಿಗೆ ಬೇಕಾಗಿದ್ದುದೂ ಅದೇ.

ನಮ್ಮಲ್ಲಿ ಇದರ ಹೆಸರು ಬಾನಾಮತಿ. ಹಿಂದಿನ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದ ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳಲ್ಲಿಯೂ ಆಚೆಯ ತೆಲಂಗಾಣದಲ್ಲಿಯೂ ಈ ಶಬ್ದವನ್ನು ಕೇಳದ ಮನೆಯಿಲ್ಲ. ಮನೆಯ ಮೇಲೆ ಕಲ್ಲು ಬೀಳುತ್ತವೆ, ಪೆಟ್ಟಿಗೆಯೊಳಗಿನ ಸೀರೆಗೆ ಬೆಂಕಿ ಹತ್ತುತ್ತದೆ, ಅನ್ನದಲ್ಲಿ ಹೊಲಸು ಕಾಣುತ್ತದೆ, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುತ್ತಾರೆ ಎಂದು ಹೇಳಿಕೆ. ಒಬ್ಬಳಿಗೆ ಬಂದರೆ ಓಣಿಯ ನಾಲ್ವರಿಗೆ ಬರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಮನಸ್ಸಿನ ತಳಮಳವೆಂದೂ, ಬಾಯಿಬಿಟ್ಟು ಹೇಳಲಾರದ ಸಂಕಟವು ಮೈಯ ಮುಖಾಂತರ ಹೊರಬೀಳುವ ರೀತಿಯೆಂದೂ ಮನೋವೈದ್ಯರು ಬಹಳ ದಿನಗಳಿಂದ ಹೇಳುತ್ತ ಬಂದಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿದ ಡಾ. ಸಿ. ಆರ್. ಚಂದ್ರಶೇಖರರು ಮನೋರೋಗಗಳನ್ನು ಕುರಿತು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಬರೆದ ಪುಸ್ತಕಗಳು ಹಲವು. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿಯೇ ಪವಾಡ, ಮೂಢನಂಬಿಕೆಗಳ ಪರೀಕ್ಷೆಗಾಗಿ ಒಂದು ಸಮಿತಿಯನ್ನು ನೇಮಿಸಿದ್ದರು. ಬೊಗಳುವವಳ ಪಾಡು ಒಂದಾದರೆ, ‘ಮಾಡಿಸಿದವರು’ ಎಂದು ಬೆರಳು ತೋರಿಸಿಕೊಂಡವರ ಪಾಡು ಇನ್ನೂ ಘೋರ. ಮತ್ತೆ ಮಂತ್ರವನ್ನು ಉಚ್ಚರಿಸಬಾರದೆಂದು ಅವರ ಹಲ್ಲು ಕಿತ್ತ ಪ್ರಸಂಗಗಳು ಈ ಸೀಮೆಯಲ್ಲಿಯೂ ನೆರೆಯ ತೆಲಂಗಾಣದಲ್ಲಿಯೂ ನಡೆದಿವೆ. ಇಂಥ ದೃಶ್ಯವನ್ನು ಯಾವ ಚಿತ್ರಕಾರನೂ ಭೀಕರ ರಸಕ್ಕಾಗಿ ಕಲ್ಪಿಸಬೇಕಾಗಿಲ್ಲ.

ಈ ಎಲ್ಲದರಲ್ಲಿಯೂ ಮೈ ಯಾರದು? ಹೆಣ್ಣಿನದು. ಹುಡುಗಿಯ ತಲೆಗೂದಲು ತೊಳೆಯದೆ ಸಿಕ್ಕುಗಟ್ಟಿ ಜಡೆಯಾದರೆ ಅದು ದೇವಿಯ ಕರೆ ಎಂದು ತಿಳಿದು ಮುತ್ತು ಕಟ್ಟಿದ ಕಾಲವನ್ನು ನಮ್ಮ ಜಿಲ್ಲೆಯು ಕಂಡಿದೆ. ಅದನ್ನು ನಿಷೇಧಿಸುವ ಶಾಸನವು 1982ರಲ್ಲಿಯೇ ಆಯಿತು. ಆದರೂ ಮುಪ್ಪಿನಲ್ಲಿ ಮಾಸಾಶನಕ್ಕಾಗಿ ಕಚೇರಿಯ ಕಟ್ಟೆಯ ಮೇಲೆ ಕುಳಿತ ಮಾಜಿ ದೇವದಾಸಿಯರನ್ನು ದೇವದುರ್ಗದಲ್ಲಿಯೂ ಮಾನವಿಯಲ್ಲಿಯೂ ಯಾರು ಬೇಕಾದರೂ ನೋಡಬಹುದು. ಒಂದು ಬಾಟಲಿ ಎಣ್ಣೆ, ಒಂದು ಕತ್ತರಿ, ಒಬ್ಬ ತಿಳಿಹೇಳುವವಳು ಇದ್ದಿದ್ದರೆ ಅವರಲ್ಲಿ ಕೆಲವರ ಬಾಳು ಬೇರೆಯಾಗುತ್ತಿತ್ತು.

ಚಿತ್ರಕಾರರ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ತಿದ್ದಬೇಕಾಗಿದೆ. ಜನರಿಂದ ದೂರವಿರುವ ಭಕ್ತರು ಸ್ವಭಾವದಿಂದಲೇ ಭಯಂಕರರು ಎಂಬುದು ಅವರ ಗ್ರಹಿಕೆ. ನಮ್ಮ ಜಿಲ್ಲೆಯಲ್ಲಿ ನಿಜವಾಗಿಯೂ ಒಂಟಿಯಾದ ಊರುಗಳುಂಟು. ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುರ್ದ, ಕುರ್ವಕಲಾಗಳ ಜನರು ಹೊಳೆ ತುಂಬಿದಾಗ ಹರಿಗೋಲನ್ನು ನಂಬಿ ಬಾಳಿದವರು. ಶ್ರೀಪಾದ ಶ್ರೀವಲ್ಲಭರ ತಪೋಭೂಮಿಯಾದ ಕುರುವಪುರವೂ ನಡುಗಡ್ಡೆಯೇ; ಸುತ್ತಲೂ ನೀರು, ನಡುವೆ ಗುಡಿ. ಪರದೇಶದ ಚಿತ್ರಕಾರನು ಕಂಡರೆ ಅಂದೇ ಕ್ಯಾಮರಾ ಹೂಡುವಂಥ ಜಾಗ. ಆದರೆ ಅಲ್ಲಿ ಆಗುವುದೇನು? ಮಹಾರಾಷ್ಟ್ರದಿಂದಲೂ ತೆಲಂಗಾಣದಿಂದಲೂ ಭಕ್ತರು ದೋಣಿ ಹತ್ತಿ ಬರುತ್ತಾರೆ, ಗುರುಚರಿತ್ರೆಯ ಪಾರಾಯಣ ಮಾಡುತ್ತಾರೆ, ಪ್ರಸಾದ ಉಂಡು ಮರಳುತ್ತಾರೆ. (ದೆವ್ವದ ಚಿತ್ರಕ್ಕೆ ಮಂಜು ಬೇಕು, ಮಳೆ ಬೇಕು, ಕತ್ತಲೆಯ ಕಾಡು ಬೇಕು. ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿ ಮೀರಿ ಉರಿಯುವ ನಮ್ಮ ಬಿಸಿಲನಾಡಿಗೆ ಚಿತ್ರಕಾರರು ಬಾರದಿರುವುದಕ್ಕೆ ಇದೇ ಕಾರಣವಿದ್ದೀತು. ದೆವ್ವಕ್ಕೂ ನೆರಳು ಬೇಕಲ್ಲವೆ!)

ಮಾನವಿಯನ್ನೇ ತೆಗೆದುಕೊಳ್ಳೋಣ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರ ಊರದು. ಅವರ ಬಾಳಿನಲ್ಲಿಯೂ ಒಂದು ಅಲೌಕಿಕ ಕಥೆಯುಂಟು. ಶ್ರೀನಿವಾಸಾಚಾರ್ಯರಾಗಿದ್ದಾಗ ವಿದ್ಯಾಮದದಿಂದ ವಿಜಯದಾಸರ ಕರೆಯನ್ನು ಕಡೆಗಣಿಸಿದರಂತೆ. ತಡೆಯಲಾರದ ಉದರಶೂಲೆ ಬಂದಿತಂತೆ. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದೊಳಗಿನ ನಾಲ್ವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರಂತೆ. ಈ ಕಥೆಯನ್ನು ಕೇಳಿದ ಯಾವ ಮಗುವೂ ರಾತ್ರಿ ಬೆಚ್ಚಿ ಬೀಳುವುದಿಲ್ಲ. ಒಬ್ಬನ ಅಹಂಕಾರ ಇಳಿಯಿತು, ಇನ್ನೊಬ್ಬನು ತನ್ನದನ್ನು ಕೊಟ್ಟನು, ಒಂದು ಕಾವ್ಯ ಹುಟ್ಟಿತು, ಕಥೆ ಇಷ್ಟೇ. ಮೊಹರಮ್ ಬಂದರೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೆಷ್ಟು ಮುಸಲ್ಮಾನರೆಷ್ಟು ಎಂದು ಎಣಿಸಿದವರಿಲ್ಲ. ಮುದಗಲ್ಲಿನ ಮೊಹರಮ್ಮಿಗಂತೂ ದೂರದೂರದ ಜನ ಸೇರುತ್ತದೆ. ನಮ್ಮ ಜನರ ಶ್ರದ್ಧೆಯು ಬಾಗಿಲು ಹಾಕಿಕೊಂಡ ಶ್ರದ್ಧೆಯಲ್ಲ.

ಬಾಗಿಲು ಹಾಕಿದವರು ಬೇರೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೇಳಿತು. ದೇವದುರ್ಗವೂ ಮಾನವಿಯೂ ಆ 39ರಲ್ಲಿಯೇ ಇವೆ. ಸಂವಿಧಾನಕ್ಕೆ 371ಜೆ ಕಲಮು ಸೇರಿತು. 2019ರಲ್ಲಿ ಹೈದರಾಬಾದ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಶಕ್ತಿನಗರದಲ್ಲಿ 1720 ಮೆಗಾವಾಟಿನ ವಿದ್ಯುತ್ ಸ್ಥಾವರವನ್ನು ಹೊತ್ತುಕೊಂಡು ನಮ್ಮ ಜಿಲ್ಲೆಯು ನಾಡಿಗೆಲ್ಲ ಬೆಳಕನ್ನು ಕಳಿಸಿದೆ. ಆದರೆ ರಾತ್ರಿ ಎರಡು ಗಂಟೆಗೆ ಹಳ್ಳಿಯೊಂದರಲ್ಲಿ ಸೊಸೆಯು ಚೀರಿಕೊಂಡು ಎದ್ದರೆ ಹತ್ತಿರವಿರುವುದು ಗುಡಿ, ದೂರವಿರುವುದು ದವಾಖಾನೆ. ಮಂತ್ರವಾದಿಯು ಮನೆಯ ಕಟ್ಟೆಗೆ ಬಂದು ಕುಳಿತುಕೊಂಡು ಹೆಸರು ಹಿಡಿದು ಮಾತಾಡಿಸುತ್ತಾನೆ. ಡಾಕ್ಟರರ ಕೋಣೆಯ ಮುಂದೆ ಚೀಟಿ ಹಿಡಿದು ನಿಲ್ಲಬೇಕು, ಒಳಗೆ ಹೋದ ಮೇಲೆ ಒಂದು ನಿಮಿಷ ದೊರೆತರೆ ಪುಣ್ಯ. ಜನರನ್ನು ಮೂಢರೆಂದು ಹಳಿಯುವವರು ಈ ಎರಡು ಬಾಗಿಲುಗಳಲ್ಲಿಯೂ ಒಮ್ಮೆ ನಿಂತು ನೋಡಬೇಕು. ಊರು ಒಂಟಿಯಾದುದು ಅದರ ದೇವರಿಂದಲ್ಲ.

ಹಾಗಾದರೆ ಇಂಥ ಕಥೆಗಳನ್ನು ತೆರೆಯ ಮೇಲೆ ತರಲೇಬಾರದೆ? ತರಬೇಕು, ತಂದವರೂ ಇದ್ದಾರೆ. ಯು. ಆರ್. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ‘ಘಟಶ್ರಾದ್ಧ’ವನ್ನು ನೋಡಿದವರು ಅದರಷ್ಟು ಭೀಕರವಾದ ಚಿತ್ರವು ಕನ್ನಡದಲ್ಲಿ ಇನ್ನೊಂದಿಲ್ಲವೆಂದು ಒಪ್ಪಿಯಾರು. ಲೋಕದಿಂದ ದೂರವಾದ ಒಂದು ಅಗ್ರಹಾರ, ಒಂದು ವೇದಪಾಠಶಾಲೆ, ಕಾಡು, ಹಾವು, ಕತ್ತಲೆ, ಹೆದರಿದ ಒಬ್ಬ ಪುಟ್ಟ ವಟು. ದೆವ್ವದ ಚಿತ್ರಕ್ಕೆ ಬೇಕಾದ ಸಾಹಿತ್ಯವೆಲ್ಲ ಅದರಲ್ಲಿದೆ, ದೆವ್ವವೊಂದು ಮಾತ್ರ ಇಲ್ಲ. ಬದುಕಿರುವ ವಿಧವೆಗೆ ಶ್ರಾದ್ಧ ಮಾಡುವ ಮನುಷ್ಯರಿದ್ದಾರೆ. ಆ ಹುಡುಗನ ಕಣ್ಣಿನಿಂದ ನಾವು ನೋಡುತ್ತೇವೆ. ನಮ್ಮ ಬೆನ್ನಲ್ಲಿ ಛಳಿ ಏಳುತ್ತದೆ. 2024ರಲ್ಲಿ ಅದರ ಜೀರ್ಣೋದ್ಧಾರವಾದ ಪ್ರತಿಯು ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ನಮ್ಮ ರಾಯಚೂರಿನಲ್ಲಿ ಅದನ್ನು ದೊಡ್ಡ ತೆರೆಯ ಮೇಲೆ ನೋಡಿದ ತರುಣರನ್ನು ನಾವಿನ್ನೂ ಭೆಟ್ಟಿಯಾಗಿಲ್ಲ. 2015ರ ‘ರಂಗಿತರಂಗ’ವು ಜನಪ್ರಿಯ ಧಾಟಿಯದಾದರೂ ಭೂತದ ಮುಸುಕಿನೊಳಗೆ ಮನುಷ್ಯನನ್ನೇ ತೋರಿಸಿತು. ಮಲೆಯಾಳದ ಮೂಲದಿಂದ 2004ರಲ್ಲಿ ಬಂದ ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನರು ಮನೋವೈದ್ಯರಾಗಿ ಬಂದು, ನಾಗವಲ್ಲಿಯೆಂದು ತನ್ನನ್ನು ಭಾವಿಸಿಕೊಂಡವಳನ್ನು ಗುಣಪಡಿಸಿದರು. ಅದರಲ್ಲಿ ಅತಿಶಯೋಕ್ತಿಯಿದೆ, ವೈದ್ಯಶಾಸ್ತ್ರಕ್ಕೆ ಒಪ್ಪದ ಸಂಗತಿಗಳಿವೆ. ಆದರೂ ‘ಇವಳಿಗೆ ಡಾಕ್ಟರರು ಬೇಕು’ ಎಂಬ ಒಂದು ಮಾತನ್ನು ಅದು ಕನ್ನಡದ ಕೋಟಿ ಜನರ ಕಿವಿಗೆ ಹಾಕಿತು. ಜನರು ಅದನ್ನು ತಿರಸ್ಕರಿಸಲಿಲ್ಲ, ತಿಂಗಳುಗಟ್ಟಲೆ ನೋಡಿದರು. ದೆವ್ವವು ನಿಜವಾಗಿರದಿದ್ದರೆ ಹಣ ಹುಟ್ಟದೆಂಬ ಮಾತು ಸುಳ್ಳೆಂಬುದಕ್ಕೆ ಇಷ್ಟು ಸಾಕು.

ಚಿತ್ರಗಳ ಮೇಲೆ ಕತ್ತರಿಯಾಡಿಸಬೇಕೆಂಬ ಪಕ್ಷದವರು ನಾವಲ್ಲ. ಇಂದು ದೆವ್ವವನ್ನು ಕತ್ತರಿಸಿದವರು ನಾಳೆ ‘ಘಟಶ್ರಾದ್ಧ’ವನ್ನೂ ಕತ್ತರಿಸಿಯಾರು. 2025ರ ಅಕ್ಟೋಬರದಲ್ಲಿ ‘ಕಾಂತಾರ’ದ ಮೊದಲ ಅಧ್ಯಾಯವು ಬಂದಾಗ, ಕೆಲವರು ದೈವದ ವೇಷ ತೊಟ್ಟು ಚಿತ್ರಮಂದಿರಗಳಲ್ಲಿ ಕುಣಿಯತೊಡಗಲು, ಹಾಗೆ ಅನುಕರಿಸಬಾರದೆಂದು ಚಿತ್ರದ ನಿರ್ಮಾಪಕರೇ ಬಹಿರಂಗವಾಗಿ ಬೇಡಿಕೊಂಡರು. ತಮ್ಮ ಕೃತಿಯು ತೆರೆಯಿಂದ ಇಳಿದು ಜನರ ನಡುವೆ ಓಡಾಡುತ್ತದೆಂಬುದನ್ನು ಅವರೂ ಬಲ್ಲರೆಂದಾಯಿತು. ದೈವದ ಮಾನಕ್ಕಾಗಿ ತೋರಿಸಿದ ಆ ಕಾಳಜಿಯನ್ನು ರೋಗಿಯ ಪ್ರಾಣಕ್ಕಾಗಿಯೂ ತೋರಿಸಿರೆಂದು ನಾವು ಕೇಳಿದರೆ ಅತಿಯಾಗದು.

ಸರಕಾರದ ವಿಷಯಕ್ಕೆ ಬಂದರೆ, ಶಾಸನವಿಲ್ಲವೆಂಬ ನೆವಕ್ಕೆ ಈಗ ಎಡೆಯಿಲ್ಲ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಶಾಸನವು 2017ರಲ್ಲಿ ಅಂಗೀಕೃತವಾಗಿ 2020ರಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆವದಿಂದ ಹಗ್ಗ ಸರಪಳಿಗಳಿಂದ ಕಟ್ಟಿ ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು, ಹಾವು ಚೇಳು ಕಚ್ಚಿದವರನ್ನು ವೈದ್ಯರ ಬಳಿಗೆ ಹೋಗಗೊಡದೆ ಮಂತ್ರ ಹಾಕುವುದು ಇವೆಲ್ಲ ಅದರಲ್ಲಿ ಅಪರಾಧಗಳು. ಯಾತ್ರೆ, ಪ್ರದಕ್ಷಿಣೆ, ಹರಿಕಥೆ, ಭಜನೆಗಳನ್ನು ಅದು ಮುಟ್ಟಿಲ್ಲ. ಆದ್ದರಿಂದ ಭಕ್ತರಿಗೆ ಅದರಿಂದ ಭಯವಿಲ್ಲ. ಆದರೆ ಶಾಸನವು ಹೊಡೆಯುವ ಕೈಯನ್ನು ಹಿಡಿದೀತೇ ಹೊರತು ನಿದ್ರೆಯಿಲ್ಲದ ಬಾಣಂತಿಗೆ ಔಷಧ ಕೊಡಲಾರದು. ಅದಕ್ಕೆ ಬೇರೆ ಏರ್ಪಾಡು ಬೇಕು. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯದ ಯೋಜನೆಯನ್ನು ನಿಮ್ಹಾನ್ಸಿನವರು 1980ರ ದಶಕದಲ್ಲಿ ಮೊದಲು ನಡೆಸಿ ತೋರಿಸಿದುದು ಎಲ್ಲಿ? ನಮ್ಮ ನೆರೆಯ ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯಕೇಂದ್ರದ ಸಾಮಾನ್ಯ ವೈದ್ಯರೇ ತರಬೇತಿ ಹೊಂದಿ ಮನೋರೋಗಗಳಿಗೆ ಔಷಧ ಕೊಡಬಲ್ಲರೆಂಬುದು ಅಲ್ಲಿ ಸಿದ್ಧವಾಯಿತು. ತುಂಗಭದ್ರೆಯ ಆಚೆಯ ದಡದಲ್ಲಿ ಅಂದು ಸಾಧ್ಯವಾದುದು ಈಚೆಯ ದಡದಲ್ಲಿ ಇಂದು ಏಕೆ ದುರ್ಲಭವಾಗಬೇಕು?

ನಾವು ಕೇಳುವುದು ದೊಡ್ಡದೇನೂ ಅಲ್ಲ. ಮನೋವೈದ್ಯರು ಮಾನವಿಗೂ ದೇವದುರ್ಗಕ್ಕೂ ಯಾವ ದಿನ ಬರುತ್ತಾರೆಂಬುದು ಸಂತೆಯ ದಿನದಂತೆ ಪ್ರತಿಯೊಂದು ಹಳ್ಳಿಗೂ ತಿಳಿದಿರಬೇಕು. ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆದರೆ ಸಾಲದು. ಡಂಗುರ ಸಾರಿಸಬೇಕು, ಅಮಾವಾಸ್ಯೆಯಂದು ಜನ ಸೇರುವ ಗುಡಿ ದರ್ಗಾಗಳ ಮುಂದೆಯೂ ಸಾರಿಸಬೇಕು. ಅಲ್ಲಿಯ ಪೂಜಾರಿಗಳೂ ಮುಜಾವರರೂ ‘ದೇವರ ಕಾಯಿಯನ್ನೂ ಒಡೆಸಿರಿ, ಡಾಕ್ಟರರಿಗೂ ತೋರಿಸಿರಿ’ ಎಂದು ಹೇಳಿದರೆ ಅವರ ಗೌರವಕ್ಕೆ ಕುಂದಿಲ್ಲ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು ನಾಲ್ವತ್ತೆರಡು ದಿನಗಳೊಳಗೆ ಆರೇಳು ಸಲ ಹೋಗುತ್ತಾಳೆ. ಕೂಸಿನ ತೂಕವನ್ನು ನೋಡುತ್ತಾಳೆ. ‘ನಿದ್ದೆ ಬರ್ತೈತೇನವ್ವಾ? ಮನಸಿಗೆ ಹೆಂಗ ಐತಿ?’ ಎಂದು ತಾಯಿಯನ್ನು ಕೇಳುವುದನ್ನೂ ಆಕೆಗೆ ಕಲಿಸಿ, ಆ ಕೆಲಸಕ್ಕೆ ತಕ್ಕ ಗೌರವಧನವನ್ನೂ ಕೊಡತಕ್ಕದ್ದು.

ಚಿತ್ರಮಂದಿರಗಳ ಮಾಲಕರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ತಂಬಾಕಿನಿಂದಾಗುವ ಕೇಡನ್ನು ಚಿತ್ರಕ್ಕೆ ಮೊದಲು ತೆರೆಯ ಮೇಲೆ ತೋರಿಸುವ ಪರಿಪಾಠವು ಈಗಾಗಲೇ ಇದೆ. ದೆವ್ವದ ಚಿತ್ರಗಳಿಗೆ ಮೊದಲು ಇನ್ನೊಂದು ನಿಮಿಷವನ್ನು ಸೇರಿಸಿರಿ. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಸರಕಾರೀ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಆ ಐದು ಅಂಕಿಗಳನ್ನು ಓದು ಬಾರದವರಿಗಾಗಿ ಗಟ್ಟಿಯಾಗಿ ಎರಡು ಸಲ ಹೇಳಿಸಿರಿ. ಬೇಕಾದರೆ ನಮ್ಮ ರಾಯಚೂರ ಮಾತಿನಲ್ಲಿಯೇ ಹೇಳಿಸಿರಿ. ಆಮೇಲೆ ದೀಪಗಳನ್ನು ಆರಿಸಿ, ನಿಮ್ಮ ದೆವ್ವವನ್ನು ಬಿಡಿರಿ.